ಬೆಟ್ಟದ ದಾರಿಗೆ ಬೇಕಾದ ಹತ್ಯಾರಗಳು

ಕಳೆದ ನವೆಂಬರಿನಲ್ಲಿ ಸಾಗರ ತಾಲ್ಲೂಕಿನ ನಮ್ಮೂರ ಶಾಲೆಯಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಊರವರು ಮಧ್ಯೆ ಬಾಯಿ ಹಾಕಿದ್ದನ್ನು ಮಾತ್ರ ಹಾಗೇ ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಮೊದಲು ಈ ಮೇಜಿನ ಮೇಲಿರುವ ಕಬ್ಬಿಣದ ವಿಷಯ ಹೇಳಿಬಿಡುತ್ತೇನೆ. ಒಳಗೆ ಬಂದಾಗಿನಿಂದ ಎಲ್ಲರ ಕಣ್ಣೂ ಅದರ ಮೇಲೇ ಇದೆ. ಒಂದು ಮಗ್ಗುಲಲ್ಲಿ ಕೊಡಲಿ, ಇನ್ನೊಂದು ಮಗ್ಗುಲಲ್ಲಿ ಕಿರಿದಾದ ಗುದ್ದಲಿ. ಅಮೆರಿಕದಿಂದ ತಂದದ್ದು. ಕಾವು ಬ್ಯಾಗಿನಲ್ಲಿ ಹಿಡಿಸಲಿಲ್ಲ, ಅದಕ್ಕೆ ತಲೆ ಮಾತ್ರ ತಂದೆ. ಬೆಂಗಳೂರಿನಲ್ಲಿ ಇಳಿದಾಗ ಬ್ಯಾಗು ತೆಗೆಸಿ ನೋಡಿ 'ಏನು ಸಾರ್ ಇದು' ಅಂದರು. 'ತೋಟದ ಕೆಲಸಕ್ಕೆ' ಅಂದೆ. ಬಿಟ್ಟರು. ಊರಿಗೆ ಬಂದ ಮೇಲೆ ನಮ್ಮ ಆಚಾರರು ದಿಂಡಿಗದ ಕಾವು ಹಾಕಿಕೊಟ್ಟರು. ಅಲ್ಲಿ ಹಿಕರಿ ಅನ್ನುವ ಮರದ ಕಾವು ಹಾಕುತ್ತಾರೆ. ಆಚಾರರು ತಲೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಒಂದೇ ಮಾತು ಹೇಳಿದರು: 'ಒಂದರ ಕಬ್ಬಿಣದಲ್ಲಿ ಎರಡು ಮಾಡ್ಕೊಂಡಿದಾರೆ. ಜುಗ್ಗರು.'

ನಾನಿರುವುದು ಸಿಯಾಟಲ್ ಹತ್ತಿರ. ಹೊಟ್ಟೆಪಾಡಿಗೆ ಸಾಫ್ಟ್‌ವೇರ್. ತಿಂಗಳಿಗೆ ಎರಡು ಶನಿವಾರ ಬೆಟ್ಟಕ್ಕೆ ಹೋಗಿ ಜನ ನಡೆಯುವ ಕಾಲುದಾರಿ, ಸೈಕಲ್ ಓಡಿಸುವ ದಾರಿ ರಿಪೇರಿ ಮಾಡುತ್ತೇನೆ. ಸಂಬಳವಿಲ್ಲ. ಮೊದಲ ಸಲ ಫೋನಿನಲ್ಲಿ ಇದನ್ನು ಹೇಳಿದಾಗ ಅಪ್ಪಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, 'ಇಲ್ಲಿ ಬಸಿಗಾಲುವೆ ತೆಗೆಯೋಕೆ ಕರೆದರೆ ಬೆನ್ನುನೋವು ಅಂತಿದ್ದೆ. ಅಲ್ಲಿ ಹೋಗಿ ಪುಕ್ಕಟೆ ಅಗೀತೀಯಾ?' ಅಂದರು. ಅಪ್ಪಯ್ಯ ಇಲ್ಲೇ ಎರಡನೇ ಸಾಲಿನಲ್ಲಿ ಕೂತಿದ್ದಾರೆ. ನಗಬೇಡಿ. ಅವರ ಪ್ರಶ್ನೆಗೆ ಆವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಇದೆ. ಅಲ್ಲಿ ನಾನು ಮಾಡುವುದೂ ಬಸಿಗಾಲುವೆ ಕೆಲಸವೇ ಅಪ್ಪಯ್ಯ. ಹೆಸರು ಬೇರೆ, ಅಷ್ಟೇ.

ಬೆಟ್ಟದ ದಾರಿ ಹಾಳಾಗುವುದು ಜನರ ಕಾಲಿನಿಂದ ಅಂತ ನಾನೂ ಅಂದುಕೊಂಡಿದ್ದೆ. ಕಾಲೂ ಕಾರಣ, ಸೈಕಲ್ ಚಕ್ರವೂ ಕಾರಣ. ಆದರೆ ಅವು ಶುರುಮಾಡಿದ್ದನ್ನು ಮುಗಿಸುವುದು ನೀರು. ನಡೆದೂ ನಡೆದೂ ದಾರಿಯ ನಡು ತಗ್ಗಾಗುತ್ತದೆ, ಹೊರಗಿನ ಅಂಚಿನಲ್ಲಿ ಮಣ್ಣು ಬದುವಿನ ಹಾಗೆ ಏಳುತ್ತದೆ. ಮಳೆ ಬಂದರೆ ನೀರಿಗೆ ಇಳಿಜಾರಿನ ಕಡೆ ಹೋಗಲು ಆ ಬದು ಅಡ್ಡ. ಹಾಗಾಗಿ ದಾರಿಯುದ್ದಕ್ಕೂ ಅದರಲ್ಲೇ ಓಡುತ್ತದೆ. ಒಂದು ಮಳೆಗಾಲ ಹೀಗೆ ಓಡಿದರೆ ಕಲ್ಲು, ಬೇರು ಎದ್ದು ಕಾಣುತ್ತವೆ. ಕೊರಕಲಿನಲ್ಲಿ ನಡೆಯಲು ಕಷ್ಟ ಅಂತ ಜನ ಪಕ್ಕದಲ್ಲಿ ಇನ್ನೊಂದು ದಾರಿ ಮಾಡಿಕೊಳ್ಳುತ್ತಾರೆ. ಆಮೇಲೆ ಅದೂ ಕೊರಕಲು. ಕೊಡಚಾದ್ರಿಗೆ ಹೋದವರು ಇಲ್ಲಿ ತುಂಬ ಜನ ಇದ್ದೀರಿ. ನಾನು ಹೇಳುವುದು ಏನು ಅಂತ ನಿಮಗೆ ಕಣ್ಣಿಗೆ ಕಟ್ಟಿರಬೇಕು.

ಸಿಯಾಟಲ್ ಮಳೆಯ ಊರು ಅಂತ ಜಗತ್ತಿಗೆಲ್ಲ ಹೆಸರು. ಆದರೆ ಅಲ್ಲಿ ವರ್ಷಕ್ಕೆ ಬೀಳುವುದು ಹೆಚ್ಚು ಕಡಿಮೆ 1000 ಮಿಲಿಮೀಟರ್ ಅಷ್ಟೇ. ಆಗುಂಬೆಯಲ್ಲಿ ಏಳು ಸಾವಿರ ದಾಟುತ್ತದೆ. ಇದನ್ನು ಹೇಳಿದರೆ ನನ್ನ ಜೊತೆ ಕೆಲಸ ಮಾಡುವವರು ಯಾರೂ ನಂಬುವುದಿಲ್ಲ. ಆದರೆ ಅಲ್ಲಿಯ ಮಳೆ ಬೇರೆ ತರ. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಜಿಟಿಜಿಟಿ ಹಿಡಿಯುತ್ತದೆ, ಬೆಟ್ಟದ ಮೇಲೆ ಅದರ ಎರಡು ಪಟ್ಟಿಗೂ ಜಾಸ್ತಿ. ಮೇಲೆ ಹಿಮ ಕರಗಿದ ನೀರು ಬೇರೆ.

ಈಗ ಈ ಹತ್ಯಾರಕ್ಕೆ ಬರೋಣ. ಇದರ ಹೆಸರು ಪುಲಾಸ್ಕಿ. ತಲೆ ಸುಮಾರು ಒಂದೂಮುಕ್ಕಾಲು ಕೆಜಿ, ಕಾವು ಮೂರಡಿ. ಹೆಸರು ಒಬ್ಬ ಮನುಷ್ಯನದು. ಎಡ್ ಪುಲಾಸ್ಕಿ ಅಂತ. ಐಡಾಹೊ ರಾಜ್ಯದ ವಾಲೆಸ್ ಎಂಬ ಗಣಿ ಊರಿನಲ್ಲಿ ಅರಣ್ಯ ಇಲಾಖೆಯ ರೇಂಜರ್ ಆಗಿದ್ದರು. 1910ರ ಆಗಸ್ಟ್ 20 ಮತ್ತು 21, ಎರಡೇ ದಿನಗಳಲ್ಲಿ ಆ ಕಡೆ ಸುಮಾರು 30 ಲಕ್ಷ ಎಕರೆ ಕಾಡು ಸುಟ್ಟುಹೋಯಿತು. ಬೆಂಕಿ ಆರಿಸಲು ಹೋಗಿದ್ದ ಸುಮಾರು 45 ಜನರನ್ನು ಕರೆದುಕೊಂಡು ಪುಲಾಸ್ಕಿ ಹಳೆಯ ಗಣಿಯ ಸುರಂಗಕ್ಕೆ ನುಗ್ಗಿದರು. ಹೊಗೆ ತಡೆಯಲಾರದೆ ಹೊರಗೆ ಓಡಲು ನೋಡಿದವರಿಗೆ ಪಿಸ್ತೂಲು ತೋರಿಸಿ, ಹೊರಗೆ ಕಾಲಿಟ್ಟವನಿಗೆ ಗುಂಡು ಹೊಡೆಯುತ್ತೇನೆ ಅಂದರಂತೆ. ಎಲ್ಲರೂ ಪ್ರಜ್ಞೆ ತಪ್ಪಿ ಬಿದ್ದರು. ಬೆಳಗ್ಗೆ ನೋಡಿದರೆ ಐದಾರು ಜನ ಬಿಟ್ಟು ಉಳಿದವರೆಲ್ಲ ಬದುಕಿದ್ದರು. ಪುಲಾಸ್ಕಿಯ ಕಣ್ಣು, ಶ್ವಾಸಕೋಶ ಎರಡಕ್ಕೂ ಪೆಟ್ಟಾಗಿತ್ತು.

ಆಮೇಲೆ ಅವರು ತಮ್ಮ ಕುಲುಮೆಯಲ್ಲಿ ಕೊಡಲಿಗೂ ಗುದ್ದಲಿಗೂ ಒಂದೇ ತಲೆ ಮಾಡಿ ರೂಢಿಗೆ ತಂದರು. ಬೆಂಕಿ ಹರಡದಂತೆ ನೆಲ ಕೆರೆದು ಗೆರೆ ಎಳೆಯುವಾಗ ಬೇರು ಅಡ್ಡ ಬಂದರೆ ಹತ್ಯಾರ ಬದಲಿಸಬೇಕಿಲ್ಲ, ಕೈಯಲ್ಲೇ ತಿರುಗಿಸಿದರೆ ಸಾಕು. ಈ ತರದ್ದು ಅದಕ್ಕೂ ಮೊದಲೇ ಇತ್ತು ಅನ್ನುವವರೂ ಇದ್ದಾರೆ. ಇರಬಹುದು. ಹೆಸರು ಮಾತ್ರ ಅವರದೇ ಉಳಿಯಿತು. ಆ ಸುರಂಗಕ್ಕೆ ಈಗ ಕಾಲುದಾರಿ ಇದೆ, ಅದಕ್ಕೂ ಅವರದೇ ಹೆಸರು. ಆ ದಾರಿ ರಿಪೇರಿಗೆ ಬರುವವರ ಕೈಯಲ್ಲೂ ಇದೇ ಹತ್ಯಾರ ಇರುತ್ತದಲ್ಲ, ನನಗೆ ಅದು ಭಾರಿ ಇಷ್ಟ.

ಕಾಡಿನ ಬೆಂಕಿಗೆ ಮಾಡಿದ ಹತ್ಯಾರ ಕಾಲುದಾರಿಗೆ ಬಂದದ್ದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಎರಡೂ ಕೆಲಸ ಮಾಡುತ್ತಿದ್ದವರು ಅದೇ ರೇಂಜರುಗಳು. ಇನ್ನೊಂದು ಹತ್ಯಾರಕ್ಕೂ ಇದೇ ಕಥೆ. ಮೆಕ್ಲೌಡ್ ಅಂತ. 1905ರಲ್ಲಿ ಕ್ಯಾಲಿಫೋರ್ನಿಯಾದ ಸಿಯೆರಾ ಕಾಡಿನ ರೇಂಜರ್ ಮಾಲ್ಕಮ್ ಮೆಕ್ಲೌಡ್ ಮಾಡಿದ್ದು. ಅದನ್ನು ತರಲು ಆಗಲಿಲ್ಲ, ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ. ಉದ್ದ ಕಾವಿನ ತುದಿಗೆ ಒಂದಡಿ ಅಗಲದ ದಪ್ಪ ತಗಡು. ಒಂದು ಅಂಚು ಹರಿತ, ಇನ್ನೊಂದು ಅಂಚಿನಲ್ಲಿ ಆರು ದಪ್ಪ ಹಲ್ಲು. ಹಲ್ಲಿನಿಂದ ದರಗು ಗೋರಬಹುದು, ಹರಿತದ ಕಡೆಯಿಂದ ಮಣ್ಣು ಕೆರೆಯಬಹುದು. ಕಾವನ್ನು ನೆಟ್ಟಗೆ ಹಿಡಿದು ತಗಡಿನಿಂದ ಕುಟ್ಟಿದರೆ ನೆಲ ಗಟ್ಟಿ ಮಾಡುವ ಪೆಟ್ಟಣೆಯೂ ಅದೇ. ನನ್ನನ್ನು ಕೇಳಿದರೆ ಪುಲಾಸ್ಕಿಗಿಂತ ಇದೇ ಒಳ್ಳೆಯ ಹತ್ಯಾರ. ಪುಲಾಸ್ಕಿಗೆ ಕಥೆ ಇದೆ, ಅದಕ್ಕೇ ಅದನ್ನು ತಂದೆ. ಗುದ್ದಲಿಯ ಕಡೆ ಅದು ಅರ್ಧ ಗುದ್ದಲಿ, ಕೊಡಲಿಯ ಕಡೆ ಅರ್ಧ ಕೊಡಲಿ. ಗಟ್ಟಿ ನೆಲ ಅಗೆಯಬೇಕಿದ್ದರೆ ನಮ್ಮ ಪಿಕಾಸಿಗೆ ಇದು ಸಮ ಅಲ್ಲ.

ಹಾಗಾದರೆ ಇವುಗಳಿಂದ ಮಾಡುವುದೇನು? ಹೊರಗಿನ ಅಂಚಿನ ಬದುವನ್ನು ಕೆರೆದು ಕೆಳಗೆ ಎಸೆಯುವುದು. ದಾರಿಯನ್ನು ಹೊರಮುಖವಾಗಿ ತುಸು ವಾಲಿಸುವುದು. ನೂರಕ್ಕೆ ಐದರಷ್ಟು ಇಳಿಜಾರು ಸಾಕು. ಮೂರಡಿ ಅಗಲದ ದಾರಿಯಲ್ಲಿ ಒಳ ಅಂಚಿಗಿಂತ ಹೊರ ಅಂಚು ಎರಡಿಂಚಿನ ಹತ್ತಿರ ತಗ್ಗು. ಕಣ್ಣಿಗೆ ಅದು ಕಾಣುವುದೇ ಇಲ್ಲ. ನಮ್ಮ ಗುಂಪನ್ನು ನಡೆಸುವವರು ಎಪ್ಪತ್ತು ದಾಟಿದ ನಿವೃತ್ತ ನರ್ಸ್. ಅವರು ಊಟದ ಡಬ್ಬಿಯಿಂದ ಒಂದು ಕಿತ್ತಳೆ ತೆಗೆದು ನಾನು ಮುಗಿಸಿದ ದಾರಿಯ ಮೇಲೆ ಇಟ್ಟರು. ಅದು ಹೊರಗೆ ಉರುಳಲಿಲ್ಲ. ದಾರಿಯುದ್ದಕ್ಕೂ ಹೊರಟಿತು, ಕೆಳಗಿನ ತಿರುವಿನಲ್ಲಿ ನಿಂತಿತು. 'ನೀರೂ ಅಲ್ಲಿಗೇ ಹೋಗುತ್ತದೆ' ಅಂದರು. ಎರಡು ಗಂಟೆಯ ಕೆಲಸ ಮತ್ತೆ ಮಾಡಿದೆ. ಕಿತ್ತಳೆಯನ್ನು ಆಮೇಲೆ ಅವರೇ ತಿಂದರು.

ನನ್ನದೇ ಇನ್ನೊಂದು ಎಡವಟ್ಟು ಹೇಳಬೇಕು. ಇದು ದೊಡ್ಡದು. ಮೊದಲ ವರ್ಷ ಒಂದು ಕಡಿದಾದ ಜಾಗದಲ್ಲಿ ನೀರು ತಿರುಗಿಸಲು ದಾರಿಗೆ ಅಡ್ಡ ಒಂದು ದಿಮ್ಮಿ ಹೂತೆ. ಮೂರು ಜನ ಸೇರಿ ದಿನವಿಡೀ ಮಾಡಿದೆವು. ಫೋಟೋ ತೆಗೆದು ಮನೆಯ ವಾಟ್ಸಾಪ್ ಗುಂಪಿಗೂ ಹಾಕಿದೆ. ಆದರೆ ದಿಮ್ಮಿಯನ್ನು ದಾರಿಗೆ ಓರೆಯಾಗಿ ಇಡಬೇಕಿತ್ತು, 45 ಡಿಗ್ರಿಯಷ್ಟು. ನಾನು ಹೆಚ್ಚು ಕಡಿಮೆ ನೇರ ಅಡ್ಡ ಇಟ್ಟಿದ್ದೆ. ನೀರು ಬಂದು ದಿಮ್ಮಿಗೆ ಹೊಡೆದು ನಿಂತಿತು. ನಿಂತ ನೀರು ಹೂಳು ಬಿಟ್ಟಿತು. ವಸಂತದಲ್ಲಿ ಹೋಗಿ ನೋಡಿದರೆ ಮೇಲಿನ ಹೊಂಡ ಹೂಳು ತುಂಬಿ ದಿಮ್ಮಿಯ ಮಟ್ಟಕ್ಕೆ ಬಂದಿತ್ತು, ನೀರು ಅದರ ಮೇಲೇ ಹಾರಿ ಕೆಳಗೆ ಮಂಡಿಯುದ್ದದ ಗುಂಡಿ ತೋಡಿತ್ತು. ಜನ ದಿಮ್ಮಿಯನ್ನು ಸುತ್ತುಹಾಕಿ ಹೋಗಿ ಹೊಸ ಕವಲು ದಾರಿ ಮಾಡಿದ್ದರು. ದಿಮ್ಮಿ ಕೀಳಲು ಇನ್ನೊಂದು ದಿನ ಬೇಕಾಯಿತು. ಈಗ ಅಲ್ಲಿ ದಿಮ್ಮಿ ಇಲ್ಲ. ದಾರಿಯನ್ನೇ ಒಂದೆರಡು ಮಾರು ಉದ್ದ ತಗ್ಗಿಸಿ, ಮುಂದೆ ಸ್ವಲ್ಪ ಏರಿಸಿ, ತಗ್ಗಿನಿಂದ ಹೊರಗೆ ಅಗಲ ಬಾಯಿ ಬಿಟ್ಟಿದ್ದೇವೆ. ನಡೆಯುವವರಿಗೆ ಗೊತ್ತೂ ಆಗುವುದಿಲ್ಲ. ಸೈಕಲ್‌ನವರಿಗೆ ಅಲ್ಲಿ ಸಣ್ಣ ಉಯ್ಯಾಲೆ ಸಿಕ್ಕ ಹಾಗೆ.

(ಇಲ್ಲಿ ಅಪ್ಪಯ್ಯ ಎದ್ದು, 'ತೋಟದ ಕಾಲುವೆಗೆ ಅಡ್ಡ ಕಟ್ಟೆ ಕಟ್ಟಿದರೆ ಏನಾಗುತ್ತೆ ಅಂತ ಅವನು ಹತ್ತು ವರ್ಷದವನಿದ್ದಾಗಲೇ ಹೇಳಿದ್ದೆ' ಅಂದರು. ಹೌದು, ಹೇಳಿದ್ದರು.)

ಇನ್ನೊಂದು ಸಲಕರಣೆ ಜೇಬಿನಲ್ಲಿ ಹಿಡಿಸುವಂಥದ್ದು. ಇಳಿಜಾರು ಅಳೆಯುವ ಕ್ಲಿನೋಮೀಟರ್. ಒಂದು ಕಣ್ಣಿನಿಂದ ಒಳಗಿನ ಅಂಕಿ ನೋಡಬೇಕು, ಇನ್ನೊಂದು ಕಣ್ಣಿನಿಂದ ಎದುರಿಗೆ ನಿಂತವನನ್ನು. ಎರಡೂ ಕಣ್ಣು ಬಿಟ್ಟಿರಬೇಕು, ಅದೇ ಕಷ್ಟ. ನನಗೆ ಕಲಿಯಲು ಒಂದು ತಿಂಗಳು ಹಿಡಿಯಿತು. ಎದುರಿನವನು ನಿಮ್ಮಷ್ಟೇ ಎತ್ತರ ಇದ್ದರೆ ಅವನ ಕಣ್ಣಿಗೆ ಗುರಿ ಇಡಿ. ಎತ್ತರ ಬೇರೆಯಾದರೆ ನಿಮ್ಮ ಕಣ್ಣಿನ ಎತ್ತರ ಅವನ ಮೈಮೇಲೆ ಎಲ್ಲಿಗೆ ಬರುತ್ತದೆ ಅಂತ ಮೊದಲೇ ಸಮತಟ್ಟಿನಲ್ಲಿ ನಿಂತು ನೋಡಿಕೊಳ್ಳಿ. ನನಗೆ ಜೊತೆಯಾಗಿ ಬರುವ ಹುಡುಗ ಆರಡಿ ಮೂರಿಂಚು. ಅವನ ಅಂಗಿಯ ಎರಡನೇ ಗುಂಡಿ ನನ್ನ ಗುರುತು.

ಹೊಸ ದಾರಿ ಕಡಿಯುವ ಮೊದಲು ಇದರಿಂದ ಎರಡು ವಿಷಯ ನೋಡುತ್ತಾರೆ. ಒಟ್ಟಾರೆ ಏರು ನೂರಕ್ಕೆ ಹತ್ತು ದಾಟಬಾರದು. ನೂರಡಿ ಹೋದರೆ ಹತ್ತಡಿ ಮೇಲೆ. ಎರಡನೆಯದು, ಬೆಟ್ಟದ ಮೈ ಎಷ್ಟು ಕಡಿದೋ ಅದರ ಅರ್ಧಕ್ಕಿಂತ ದಾರಿಯ ಏರು ಜಾಸ್ತಿ ಇರಬಾರದು. ಬೆಟ್ಟ ನೂರಕ್ಕೆ ಹದಿನಾರು ಇದ್ದರೆ ದಾರಿ ಎಂಟು. ಅದನ್ನು ಮೀರಿದರೆ ನೀರಿಗೆ ಬೆಟ್ಟಕ್ಕಿಂತ ದಾರಿಯೇ ಹತ್ತಿರ ಅನಿಸುತ್ತದೆ, ಅದರಲ್ಲೇ ಇಳಿಯುತ್ತದೆ. ಮಜಾ ಏನೆಂದರೆ, ತೀರ ಚಪ್ಪಟೆ ನೆಲದಲ್ಲಿ ದಾರಿ ಮಾಡುವುದೇ ಎಲ್ಲಕ್ಕಿಂತ ಕಷ್ಟ. ನೀರಿಗೆ ಹೋಗಲು ಜಾಗವೇ ಇರುವುದಿಲ್ಲ. ಗದ್ದೆ ಬಯಲಿನಲ್ಲಿ ಮನೆ ಕಟ್ಟಿದವರಿಗೆ ಇದು ಗೊತ್ತು.

ಕತ್ತರಿಸುವ ಹತ್ಯಾರಗಳ ಬಗ್ಗೆ ನಿಮಗೆ ನಾನೇನು ಹೇಳಲಿ. ಸೊಂಟದ ಕೊಕ್ಕೆಗೆ ಕತ್ತಿ ಸಿಕ್ಕಿಸಿಕೊಂಡು ಹುಟ್ಟಿದವರು ನೀವು. ಅಲ್ಲಿ ಕತ್ತಿ ಬೀಸಲು ಬಿಡುವುದಿಲ್ಲ. ಉದ್ದ ಹಿಡಿಯ ಕತ್ತರಿ, ಮಡಚುವ ಗರಗಸ, ಇವೆರಡೇ. ನನಗೆ ಮೊದಲು ಸಿಟ್ಟು ಬಂತು. ಒಂದೇಟಿಗೆ ಹೋಗುವ ಕೊಂಬೆಗೆ ಇಷ್ಟು ಕಥೆಯಾ ಅಂತ. ಆಮೇಲೆ ಕಾರಣ ತಿಳಿಯಿತು. ಕತ್ತಿಯ ಓರೆ ಏಟು ಬುಡದಲ್ಲಿ ಚೂಪು ಮೊನೆ ಬಿಡುತ್ತದೆ. ದಾರಿಯಲ್ಲಿ ಎಡವಿ ಬಿದ್ದವನ ಕೈಗೆ, ಸೈಕಲ್‌ನಿಂದ ಹಾರಿದವನ ಹೊಟ್ಟೆಗೆ ಅದು ಭರ್ಜಿ. ಅದಕ್ಕೇ ಗಿಡವಾದರೆ ನೆಲಕ್ಕೆ ಸಮ, ಕೊಂಬೆಯಾದರೆ ಬುಡದ ಉಬ್ಬಿನ ಹತ್ತಿರ ಸಪಾಟಾಗಿ ಕತ್ತರಿಸಬೇಕು. ಎಂಟಡಿ ಎತ್ತರ, ನಾಲ್ಕಡಿ ಅಗಲ ತೆರವು ಇದ್ದರೆ ನಡೆಯುವವರಿಗೆ ಸಾಕು. ಕುದುರೆ ಬರುವ ದಾರಿಗೆ ಇನ್ನೂ ಎತ್ತರ ಬೇಕು. ನಮ್ಮಲ್ಲಿ ಲಂಟಾನ ಹೇಗೋ ಅಲ್ಲಿ ಬ್ಲ್ಯಾಕ್‌ಬೆರಿ ಮುಳ್ಳು ಹಾಗೆ. ಹಣ್ಣು ಮಾತ್ರ ಬಲು ರುಚಿ, ಆಗಸ್ಟಿನಲ್ಲಿ ಕೆಲಸ ಅರ್ಧಕ್ಕೆ ನಿಲ್ಲುತ್ತದೆ.

ಗರಗಸದ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಅಮೆರಿಕದಲ್ಲಿ 1964ರಲ್ಲಿ ಒಂದು ಕಾನೂನು ಬಂತು. ಕೆಲವು ಕಾಡುಗಳನ್ನು ಪೂರ್ತಿ ಕಾಡಾಗಿಯೇ ಬಿಡಬೇಕು, ಅಲ್ಲಿ ಯಂತ್ರ ಕೂಡದು ಅಂತ. ಚೈನ್ ಗರಗಸ ಇಲ್ಲ. ಸೈಕಲ್ ಇಲ್ಲ. ಮಣ್ಣು ಹೊರುವ ಒಂಟಿ ಚಕ್ರದ ಕೈಗಾಡಿಯೂ ಇಲ್ಲ! ಆದರೆ ಮರ ಬೀಳುವುದು ನಿಲ್ಲುತ್ತದೆಯೇ? ಚಳಿಗಾಲ ಕಳೆದ ಮೇಲೆ ದಾರಿಗೆ ಅಡ್ಡ ನೂರಾರು ಮರ. ಹಾಗಾಗಿ ಇಬ್ಬರು ಎಳೆಯುವ ಉದ್ದ ಗರಗಸ ಅಲ್ಲಿ ಇವತ್ತಿಗೂ ಜೀವಂತ. ಸಾಫ್ಟ್‌ವೇರಿನವರು, ಮೇಷ್ಟ್ರುಗಳು, ವಕೀಲರು ಶನಿವಾರ ಹೋಗಿ ಗರಗಸ ಎಳೆಯುತ್ತಾರೆ.

ಅದರ ಹಲ್ಲು ಹತ್ತಿರದಿಂದ ನೋಡಬೇಕು. ಎರಡು ಜಾತಿ ಇವೆ. ಚೂಪಾದ ಹಲ್ಲುಗಳು ಒಂದು ಎಡಕ್ಕೆ, ಒಂದು ಬಲಕ್ಕೆ ಬಾಗಿ ಮರದ ನಾರನ್ನು ಎರಡೂ ಕಡೆ ಕೊಯ್ಯುತ್ತವೆ. ಅವುಗಳ ನಡುವೆ ಅಲ್ಲಲ್ಲಿ ಕವೆಯ ಹಾಗಿರುವ ಇನ್ನೊಂದು ಹಲ್ಲು. ಅದು ಕೊಯ್ಯುವುದಿಲ್ಲ, ಕೊಯ್ದ ನಾರನ್ನು ಕೆತ್ತಿ ಹೊರಗೆ ಎಳೆಯುತ್ತದೆ. ಅದು ಚೂಪು ಹಲ್ಲಿಗಿಂತ ಕೂದಲೆಳೆಯಷ್ಟು ಗಿಡ್ಡ ಇರಬೇಕು. ಉದ್ದವಾದರೆ ಗರಗಸ ಕಚ್ಚಿಕೊಳ್ಳುತ್ತದೆ, ತೀರ ಗಿಡ್ಡವಾದರೆ ಬರೀ ಹಿಟ್ಟು ಬರುತ್ತದೆ. ಸರಿಯಾಗಿ ಹದ ಮಾಡಿದ ಗರಗಸದಿಂದ ಉದುರುವುದು ಹೊಟ್ಟಲ್ಲ, ಶಾವಿಗೆ. ಗೇಣುದ್ದದ ಶಾವಿಗೆ ಬಂದರೆ ಎಳೆಯುವವರ ಮುಖ ಅರಳುತ್ತದೆ. ನೂರು ವರ್ಷ ಹಳೆಯ ಗರಗಸಕ್ಕೇ ಅಲ್ಲಿ ಬೆಲೆ ಜಾಸ್ತಿ. ಆಗಿನವರು ತಗಡನ್ನು ಬೆನ್ನಿನ ಕಡೆ ತೆಳ್ಳಗೆ ಸಾಣೆ ಹಿಡಿಯುತ್ತಿದ್ದರು, ಮರದೊಳಗೆ ಸಿಕ್ಕಿಕೊಳ್ಳುತ್ತಿರಲಿಲ್ಲ. ಈಗಿನ ಬಹಳಷ್ಟು ಗರಗಸಗಳದ್ದು ಒಂದೇ ದಪ್ಪ. ಅಂಟು ಹತ್ತಿದರೆ ಸೀಮೆಎಣ್ಣೆಯಲ್ಲಿ ಒರೆಸುತ್ತಾರೆ.

ಎಳೆಯುವ ನಿಯಮ ಒಂದೇ. ಎಳಿ, ತಳ್ಳಬೇಡ. ನೀವು ಎಳೆದಾದ ಮೇಲೆ ಕೈ ಸಡಿಲ ಬಿಡಬೇಕು, ಆಚೆಯವನು ಎಳೆದುಕೊಳ್ಳುತ್ತಾನೆ. ತಳ್ಳಿದರೆ ತಗಡು ಬಾಗುತ್ತದೆ, ಆಚೆಯವನು ನಿಮ್ಮನ್ನು ಕೆಕ್ಕರಿಸಿ ನೋಡುತ್ತಾನೆ. ಮರ ಎರಡು ತುದಿ ಆನಿಸಿಕೊಂಡು ನಡು ಜೋತು ಬಿದ್ದಿದ್ದರೆ ಮೇಲ್ಭಾಗ ಒತ್ತಡದಲ್ಲಿರುತ್ತದೆ. ಮೇಲಿನಿಂದ ಕೊಯ್ದಂತೆ ಸೀಳು ಮುಚ್ಚಿಕೊಂಡು ಗರಗಸವನ್ನು ಹಿಡಿದುಬಿಡುತ್ತದೆ. ಅದಕ್ಕೆ ಸ್ವಲ್ಪ ಕೊಯ್ದ ಕೂಡಲೇ ಹಿಂದೆ ಬೆಣೆ ಹೊಡೆಯಬೇಕು. ಮರ ಎಲ್ಲಿ ಬಿಗಿದಿದೆ, ಎಲ್ಲಿ ಹಿಗ್ಗಿದೆ ಅಂತ ನೋಡದೆ ಗರಗಸ ಇಡುವವರನ್ನು ಹತ್ತಿರ ಸೇರಿಸುವುದಿಲ್ಲ. ತರಬೇತಿ ಮುಗಿಸಿ ಸರ್ಟಿಫಿಕೇಟ್ ಪಡೆದವರೇ ಎಳೆಯಬೇಕು.

ಬೇರೆ ಕಾಡುಗಳಲ್ಲಿ ಚೈನ್ ಗರಗಸ ನಡೆಯುತ್ತದೆ. ಅದಕ್ಕೂ ತರಬೇತಿ ಬೇಕು. ಅದರ ಜೊತೆ ಕಾಲಿಗೆ ಕಟ್ಟುವ ದಪ್ಪ ಮುಂಗವಚ ಕಡ್ಡಾಯ. ಅದರ ಒಳಗಿನ ನಾರು ಚೈನಿಗೆ ಸಿಕ್ಕ ಕೂಡಲೇ ಕಿತ್ತುಬಂದು ಹಲ್ಲುಗಾಲಿಗೆ ಸುತ್ತಿಕೊಂಡು ಯಂತ್ರವನ್ನು ನಿಲ್ಲಿಸುತ್ತದೆ. ನಮ್ಮಲ್ಲಿ ಲುಂಗಿ ಎತ್ತಿ ಕಟ್ಟಿ, ಹವಾಯಿ ಚಪ್ಪಲಿಯಲ್ಲಿ ಚೈನ್ ಗರಗಸ ಹಿಡಿದವರನ್ನು ನಾನು ಮೊನ್ನೆ ತಾನೇ ನೋಡಿದೆ. ಅವರು ಈ ಸಭೆಯಲ್ಲೂ ಇದ್ದಾರೆ. ಹೆಸರು ಹೇಳುವುದಿಲ್ಲ.

ಹಾರೆಯ ಬಗ್ಗೆ ಒಂದು ಮಾತು. ಎಂಟು ಕೆಜಿ, ಐದಡಿ ಉದ್ದ, ಇಲ್ಲಿಯದಕ್ಕೂ ಅಲ್ಲಿಯದಕ್ಕೂ ಏನೇನೂ ವ್ಯತ್ಯಾಸವಿಲ್ಲ. ಮೊದಲ ದಿನ ಅದನ್ನು ಕೈಗೆತ್ತಿಕೊಂಡಾಗ ನೆಂಟರು ಸಿಕ್ಕ ಹಾಗಾಯಿತು. ಕಲ್ಲಿನ ಮೆಟ್ಟಿಲು ಕೂರಿಸುವಾಗ ಅಲ್ಲಿಯೂ ನಮ್ಮ ಪಾಗಾರದವರ ಲೆಕ್ಕವೇ. ಕಲ್ಲಿನ ಹೆಚ್ಚು ಭಾಗ ಮಣ್ಣಿನೊಳಗೆ ಇರಬೇಕು. ಕೂರಿಸಿದ ಮೇಲೆ ಮೇಲೆ ಹತ್ತಿ ಕುಣಿಯಬೇಕು, ಅಲ್ಲಾಡಿದರೆ ಮತ್ತೆ ತೆಗಿ. ಹಾರೆಯ ಕೆಳಗೆ ಆಧಾರಕ್ಕೆ ಇಡುವ ಸಣ್ಣ ಕಲ್ಲು ದೊಡ್ಡ ಕಲ್ಲಿಗೆ ಎಷ್ಟು ಹತ್ತಿರವೋ ಕೆಲಸ ಅಷ್ಟು ಹಗುರ. ಬೆರಳು ಮಾತ್ರ ಕಲ್ಲಿನ ಕೆಳಗೆ ಹೋಗಬಾರದು. ಸಂದಿಗೆ ಮಣ್ಣು ತುಂಬುವುದಿದ್ದರೂ ಕೋಲಿನಿಂದಲೇ.

'ಜೆಸಿಬಿ ತರಿಸಿದರೆ ಎಲ್ಲಾ ಒಂದೇ ದಿನದ ಕೆಲಸ ಅಲ್ವಾ?' ಅಂತ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಒಳ್ಳೆ ಪ್ರಶ್ನೆ. ಸೈಕಲ್ ದಾರಿಗಳಿಗೆ ಯಂತ್ರ ಬಳಸುತ್ತಾರೆ. ಆದರೆ ಜೆಸಿಬಿಯ ಮರಿ ಅನ್ನಬಹುದಾದ ಸಣ್ಣ ಯಂತ್ರ. ನಮ್ಮ ದೊಡ್ಡ ಜೆಸಿಬಿ ಬಂದರೆ ಅದು ಹೋಗುವಷ್ಟು ಅಗಲಕ್ಕೆ ಗುಡ್ಡ ಕೊರೆಯಬೇಕು. ಅದು ರಸ್ತೆ ಆಗುತ್ತದೆ, ದಾರಿ ಆಗುವುದಿಲ್ಲ. ಆ ರಸ್ತೆ ಮೊದಲ ಮಳೆಗೆ ಏನಾಗುತ್ತದೆ ಅಂತ ನೋಡಲು ನಾವು ಅಮೆರಿಕಕ್ಕೆ ಹೋಗಬೇಕಿಲ್ಲ.

ಬೆಟ್ಟದ ಸೈಕಲ್‌ನವರ ಕಥೆಯೇ ಬೇರೆ. ಶುರುವಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅವರನ್ನು ಎಷ್ಟೋ ದಾರಿಗಳಿಂದ ಹೊರಗೆ ಹಾಕಿದ್ದರು. ನಡೆಯುವವರನ್ನು ಹೆದರಿಸುತ್ತೀರಿ, ದಾರಿ ಕೆಡಿಸುತ್ತೀರಿ ಅಂತ. 1988ರಲ್ಲಿ ಅಲ್ಲಿಯ ಸೈಕಲ್ ಕ್ಲಬ್ಬುಗಳು ಸೇರಿ ಅಂತರರಾಷ್ಟ್ರೀಯ ಸಂಘ ಕಟ್ಟಿಕೊಂಡವು. ಜಗಳ ಆಡುವುದರ ಜೊತೆಗೆ ಗುದ್ದಲಿಯನ್ನೂ ಹಿಡಿದರು. ನೂರಕ್ಕೆ ಹತ್ತು, ಬೆಟ್ಟದ ಅರ್ಧ ಅಂತ ಆಗ ಹೇಳಿದೆನಲ್ಲ, ಆ ಲೆಕ್ಕಗಳನ್ನು ಎಲ್ಲರ ಬಾಯಿಗೆ ಬರುವಂತೆ ಮಾಡಿದ್ದೇ ಈ ಸೈಕಲ್‌ನವರು.

ಸೈಕಲ್ ದಾರಿಯ ರೋಗವೇ ಬೇರೆ. ಇಳಿಜಾರಿನ ತಿರುವಿಗೆ ಮೊದಲು ಎಲ್ಲರೂ ಬ್ರೇಕ್ ಒತ್ತುತ್ತಾರೆ, ಅಲ್ಲಿ ನೆಲ ಹೆಂಚಿನ ಸಾಲಿನ ಹಾಗೆ ಉಬ್ಬುತಗ್ಗಾಗುತ್ತದೆ. ಅದನ್ನು ಕೆರೆದು ಸಮ ಮಾಡಿದರೆ ಒಂದು ತಿಂಗಳು. ತಿರುವು ಬರುವ ಮೊದಲೇ ದಾರಿಯನ್ನು ಸ್ವಲ್ಪ ಏರಿಸಿ ವೇಗ ತಗ್ಗಿಸಿದರೆ ಬಹುಕಾಲ ಬಾಳುತ್ತದೆ. ತಿರುವಿನಲ್ಲಿ ಹೊರಗೋಡೆ ಎತ್ತರಿಸಿ ಕಟ್ಟುತ್ತಾರೆ, ಸೈಕಲ್ ಅದರ ಮೈಗೆ ಒರಗಿ ತಿರುಗಲಿ ಅಂತ. ಆ ಗೋಡೆಗೆ ಎಲೆ, ಬೇರು ಒಂದೂ ಸೇರದ ಶುದ್ಧ ಮಣ್ಣು ಬೇಕು. ನಾಲ್ಕಿಂಚು ಹಾಕು, ಮೆಕ್ಲೌಡಿನಿಂದ ಕುಟ್ಟು, ಮತ್ತೆ ನಾಲ್ಕಿಂಚು. ಮಣ್ಣಿನ ಗೋಡೆ ಇಟ್ಟವರಿಗೆ ಹೊಸದೇನಲ್ಲ. ಆದರೆ ಗೋಡೆ ಬಂದ ಕಡೆ ನೀರು ಹೊರಗೆ ಹೋಗಲಾರದು, ಒಳಗೇ ನಿಲ್ಲುತ್ತದೆ. ಹಾಗಾಗಿ ತಿರುವಿಗೆ ಮೊದಲು ಒಂದು, ಆಮೇಲೆ ಒಂದು ಬಾಯಿ ಬಿಡಲೇಬೇಕು. ನೋಡಿ, ಮತ್ತೆ ಬಸಿಗಾಲುವೆಗೇ ಬಂದೆ.

ಇನ್ನೊಂದು ಸಲಕರಣೆ ನನಗೆ ಮೊದಲು ನಗು ತರಿಸಿತ್ತು. ಬೆನ್ನಿಗೆ ಕಟ್ಟಿಕೊಂಡು ಎಲೆ ಊದುವ ಯಂತ್ರ. ಕಾಡಿಗೆ ಹೋಗಿ ಎಲೆ ಗುಡಿಸುವುದಾ ಅಂತ. ಶರತ್ಕಾಲದಲ್ಲಿ ಮೇಪಲ್ ಮರದ ಮುಖದಗಲದ ಎಲೆ ದಾರಿಯನ್ನೇ ಮುಚ್ಚುತ್ತದೆ. ಎಲೆ ನೀರು ಹಿಡಿದುಕೊಳ್ಳುತ್ತದೆ, ಕೊಳೆತು ಕೆಸರಾಗುತ್ತದೆ, ನೀರಿಗೆ ಬಿಟ್ಟ ಬಾಯಿಯನ್ನು ಬಿರಟೆಯ ಹಾಗೆ ಮುಚ್ಚುತ್ತದೆ. ಅರ್ಧ ದಿನ ಊದಿದರೆ ಚಳಿಗಾಲದ ಎಷ್ಟೋ ಗುದ್ದಲಿ ಕೆಲಸ ಉಳಿಯುತ್ತದೆ. ಸದ್ದು ಮಾತ್ರ ದರಿದ್ರ.

ಹತ್ಯಾರ ಹೊರುವ ಬಗೆಯನ್ನು ಅಲ್ಲಿ ಮೊದಲ ಅರ್ಧ ಗಂಟೆ ಕಲಿಸುತ್ತಾರೆ. ವಾಷಿಂಗ್ಟನ್ ಟ್ರೇಲ್ಸ್ ಅಸೋಸಿಯೇಷನ್ ಅಂತ ಒಂದು ಸಂಸ್ಥೆ ಇದೆ, 1993ರಿಂದ ಹೀಗೆ ಸ್ವಯಂಸೇವಕರನ್ನು ಕರೆದುಕೊಂಡು ಹೋಗುತ್ತಿದೆ. ನಾನು ಕಲಿತದ್ದು ಅಲ್ಲೇ. ಮೊದಲ ದಿನ ಊರಿನ ಅಭ್ಯಾಸದಂತೆ ಗುದ್ದಲಿಯನ್ನು ಹೆಗಲ ಮೇಲೆ ಹಾಕಿಕೊಂಡೆ. ಆ ನರ್ಸಮ್ಮ ಹಿಂದಿನಿಂದ ಬಂದು ಮೆಲ್ಲಗೆ ಇಳಿಸಿದರು. ಹೆಗಲ ಮೇಲಿದ್ದರೆ, ಜಾರಿ ಬಿದ್ದಾಗ ಅದು ನಿಮ್ಮ ಕುತ್ತಿಗೆಗೂ ಬರಬಹುದು, ಹಿಂದಿನವನ ಮುಖಕ್ಕೂ ಬರಬಹುದು. ಇಳಿಜಾರಿನ ಕಡೆಯ ಕೈಯಲ್ಲಿ, ಅಲಗು ಮುಂದೆ ಮತ್ತು ಕೆಳಗೆ ಮಾಡಿ ಹಿಡಿಯಬೇಕು. ಜಾರಿದರೆ ಕೆಳಗೆ ಎಸೆದುಬಿಡಬಹುದು. ಇಬ್ಬರ ನಡುವೆ ಹತ್ತಡಿ. ಇಟ್ಟಾಗ ದಾರಿಯ ಮೇಲಿನ ಮಗ್ಗುಲಲ್ಲಿ, ಅಲಗು ಬೆಟ್ಟದ ಕಡೆ. ಮೆಕ್ಲೌಡನ್ನು ಹಲ್ಲು ಮೇಲೆ ಮಾಡಿ ಇಟ್ಟವನಿಗೆ ಆ ದಿನ ಮಿಠಾಯಿ ಇಲ್ಲ. ತಮಾಷೆಗೆ ಹೇಳುತ್ತಿಲ್ಲ, ಬೆಳಗ್ಗೆ ಹತ್ತೂವರೆಗೆ ಅಲ್ಲಿ ಮಿಠಾಯಿಗೆ ಅಂತಲೇ ಕೆಲಸ ನಿಲ್ಲಿಸುತ್ತಾರೆ. ಗರಗಸದ ಹಲ್ಲಿಗೆ ಹಳೆಯ ಅಗ್ನಿಶಾಮಕ ಪೈಪನ್ನು ಉದ್ದಕ್ಕೆ ಸೀಳಿ ಒರೆ ಮಾಡುತ್ತಾರೆ. ನಮ್ಮಲ್ಲಿ ಹಳೆ ಸೈಕಲ್ ಟ್ಯೂಬು ಸಾಕು.

ಮನೆಗೆ ಬಂದ ಮೇಲೆ ಮಣ್ಣು ತೊಳೆದು, ಒರೆಸಿ, ಅರದಿಂದ ಹದ ಮಾಡುವುದು. ಅರವನ್ನು ಮುಂದೆ ತಳ್ಳುವಾಗ ಮಾತ್ರ ಒತ್ತಬೇಕು, ಹಿಂದೆ ತರುವಾಗ ಎತ್ತಬೇಕು. ಎಳೆದಾಡಿದರೆ ಅರದ ಹಲ್ಲೇ ಸವೆಯುತ್ತದೆ. ಕೊಡಲಿಯ ಕಡೆ ಚೆನ್ನಾಗಿ ಹರಿತ ಇರಲಿ. ಗುದ್ದಲಿಯ ಕಡೆ ತೀರ ಹರಿತ ಬೇಡ, ಮೊದಲ ಕಲ್ಲಿಗೇ ಹಲ್ಲು ಬೀಳುತ್ತದೆ. ಕಾವಿಗೆ ಅಗಸೆ ಎಣ್ಣೆ ತಿಕ್ಕಿ. ವಾರ್ನಿಷ್ ಬೇಡ, ಅಂಗೈಯಲ್ಲಿ ಬೊಬ್ಬೆ ಬರುತ್ತದೆ.

ಇಷ್ಟೆಲ್ಲ ಕೇಳಿ ಹುಡುಗರು ನಾಳೆಯೇ ಹಾರೆ ತೆಗೆದು ಕೊಡಚಾದ್ರಿಗೆ ಹೊರಟುಬಿಡಬೇಡಿ. ಅದು ಮೂಕಾಂಬಿಕಾ ವನ್ಯಜೀವಿಧಾಮದ ಕಾಡು. ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ಅಲ್ಲಿ ಒಂದು ಬುಟ್ಟಿ ಮಣ್ಣು ಅಗೆದರೂ ಅಪರಾಧ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನ ಜಾತ್ರೆಯ ಹಾಗೆ ಸಾಲುಗಟ್ಟಿ ನಿಂತ ಚಿತ್ರ ಎಲ್ಲರ ಮೊಬೈಲಿಗೂ ಬಂದಿತ್ತು. ಆಮೇಲೆ ಎಷ್ಟು ಜನರನ್ನು ಬಿಡಬೇಕು ಅನ್ನುವ ಚರ್ಚೆ ತುಂಬ ಆಯಿತು. ಆ ಕಾಲುಗಳು ತುಳಿದ ದಾರಿಗೆ ಮಳೆಗಾಲಕ್ಕೆ ಮೊದಲು ಯಾರು ಗುದ್ದಲಿ ಹಿಡಿಯಬೇಕು ಅನ್ನುವ ಮಾತು ಮಾತ್ರ ನನಗೆ ಎಲ್ಲೂ ಕೇಳಿಸಲಿಲ್ಲ. ಇಲಾಖೆಯವರ ಜೊತೆ ಕೂತು, ಮೇ ತಿಂಗಳಲ್ಲಿ ಎರಡು ದಿನ, ಅವರು ಹೇಳಿದ ಕಡೆ ಮಾತ್ರ ಕೆಲಸ ಮಾಡುವುದಾದರೆ ಆಗಬಹುದು. ಕೇಳಿ ನೋಡೋಣ. ಅಲ್ಲಿಯವರೆಗೆ ನಮ್ಮ ಊರಿನ ದಾರಿಗಳು ಇವೆ.

ಇಲ್ಲಿಗೆ ನನ್ನ ಮಾತು ನಿಲ್ಲಿಸಿ ಎಲ್ಲರೂ ಹೊರಗೆ ಹೋದೆವು. ಶಾಲೆಯ ಹಿಂದೆ ಗುಡ್ಡದ ಮೇಲಿನ ಮನೆಗಳಿಂದ ಮಕ್ಕಳು ಇಳಿದು ಬರುವ ಕಾಲುದಾರಿ ಇದೆ. ಮಳೆಗಾಲದಲ್ಲಿ ಅದು ಹಳ್ಳ. ಒಬ್ಬರು ಹಾರೆ ತಂದರು, ಇಬ್ಬರು ಗುದ್ದಲಿ, ಹೆಂಗಸರು ಬುಟ್ಟಿ ತಂದರು. ಹುಡುಗರು ಪುಲಾಸ್ಕಿಗೆ ಜಗಳ ಆಡಿದರು. ಜಂಬಿಟ್ಟಿಗೆ ಕಲ್ಲಿನ ನೆಲಕ್ಕೆ ಅದು ನಾಟಲೇ ಇಲ್ಲ, ಐದು ನಿಮಿಷಕ್ಕೆ ಬದಿಗೆ ಹೋಯಿತು. ಪಿಕಾಸಿಯೇ ಬೇಕಾಯಿತು. ಒಂದೂವರೆ ಗಂಟೆಯಲ್ಲಿ ಎರಡು ಕಡೆ ತಗ್ಗಿಸಿ, ಹೊರಗೆ ಬಾಯಿ ಬಿಟ್ಟೆವು.

ಕಿತ್ತಳೆ ಸಿಗಲಿಲ್ಲ. ಅಪ್ಪಯ್ಯ ಶಾಲೆಯ ಬಾವಿಯಿಂದ ಒಂದು ಕೊಡ ನೀರು ತರಿಸಿ ಮೇಲಿನಿಂದ ಸುರಿದರು. ಮೊದಲ ತಗ್ಗಿನಲ್ಲಿ ಮುಕ್ಕಾಲು ಪಾಲು ಹೊರಗೆ ಹೋಯಿತು. ಉಳಿದದ್ದು ಅಂಚು ಹಾರಿ ಹಳೆಯ ದಾರಿಯಲ್ಲೇ ಇಳಿಯಿತು. ಎಲ್ಲರೂ ನನ್ನ ಮುಖ ನೋಡಿದರು.

'ಬಾಯಿ ಸಣ್ಣ ಆಯ್ತು. ಇನ್ನೊಂದು ಮೊಳ ಅಗಲ ಮಾಡು' ಅಂದರು ಅಪ್ಪಯ್ಯ. ಪಿಕಾಸಿ ತೆಗೆದುಕೊಂಡೆ. ಅವರು ಇನ್ನೊಂದು ಕೊಡಕ್ಕೆ ಹೇಳಿ ಕಳುಹಿಸಿದರು.